‘ಮೊದಲ ಗುರು’ ಅರಿಸ್ಟಾಟಲ್ ಮತ್ತು ನಾವು



ಉರ್ದು ಮಾತನಾಡುವ ನಮ್ಮ ಮನೆಗಳಲ್ಲಿ ಅತಿ ಜಾಣತನ ತೋರಿಸುವ ಹುಡುಗನನ್ನು ಹಿರಿಯರು ‘ದೊಡ್ಡ ಅಫ್ಲಾತೂನ್’ ಎಂದು ಗದರಿಸುವುದುಂಟು. ಅಫ್ಲಾತೂನ್ ಎಂದರೆ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ. ಇಂದು ನಾನು ನಿಮ್ಮ ಮುಂದಿಡಲಿರುವುದು ಅವನ ಶಿಷ್ಯ ಅರಸ್ತುವಿನ, ಅಂದರೆ ಅರಿಸ್ಟಾಟಲನ ವಿಚಾರ.

ಕ್ರಿ.ಪೂ. 384ರಲ್ಲಿ ಸ್ಟಗೀರಾ ಎಂಬ ಊರಿನಲ್ಲಿ ವೈದ್ಯನೊಬ್ಬನ ಮಗನಾಗಿ ಅರಿಸ್ಟಾಟಲ್ ಜನಿಸಿದ. ಪ್ಲೇಟೋನ ವಿದ್ಯಾಪೀಠದಲ್ಲಿ ಸುಮಾರು 20 ವರ್ಷ ಕಳೆದ. ಬಾಲಕ ಅಲೆಕ್ಸಾಂಡರನಿಗೆ ಪಾಠ ಹೇಳಿದ. ಬಳಿಕ ಅಥೆನ್ಸಿನಲ್ಲಿ ಲೈಸಿಯಂ ಎಂಬ ತನ್ನದೇ ಶಾಲೆಯನ್ನು ತೆರೆದು, ಕ್ರಿ.ಪೂ. 322ರಲ್ಲಿ ತೀರಿಕೊಂಡ. ಆತನ ದೊಡ್ಡ ಕೊಡುಗೆ ತರ್ಕಶಾಸ್ತ್ರ. ಒಪ್ಪಿಕೊಂಡ ಎರಡು ಮಾತುಗಳಿಂದ ಮೂರನೆಯದು ಹೇಗೆ ಹೊರಡುತ್ತದೆ ಎಂಬುದಕ್ಕೆ ಆತ ನಿಯಮ ಹಾಕಿಕೊಟ್ಟ. ಕಣ್ಣಾರೆ ಕಂಡು ಬರೆಯುವುದನ್ನೂ ಬಿಡಲಿಲ್ಲ. ಡಾಲ್ಫಿನ್ ನೀರಿನಲ್ಲಿದ್ದರೂ ಗಾಳಿಯನ್ನು ಉಸಿರಾಡುತ್ತದೆ, ಮರಿಗೆ ಹಾಲೂಡಿಸುತ್ತದೆ ಎಂದು ಅಂದೇ ದಾಖಲಿಸಿದ.

ಈ ಜ್ಞಾನ ಉಳಿದು ಬೆಳೆದದ್ದರಲ್ಲಿ ಬಗ್ದಾದಿನ ಪಾಲು ದೊಡ್ಡದು. 9ನೇ ಶತಮಾನದಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಮತ್ತು ಅವರ ಮಗ ಇಸ್‌ಹಾಕ್ ಗ್ರೀಕ್ ಗ್ರಂಥಗಳನ್ನು ಅರಬಿಗೆ ತಂದರು. ಅವರು ಕ್ರೈಸ್ತರು, ಅವರಿಗೆ ಆಶ್ರಯ ಕೊಟ್ಟವರು ಮುಸ್ಲಿಮರು, ಮೂಲಗ್ರಂಥ ಬರೆದವನು ಇಬ್ಬರ ಮತಕ್ಕೂ ಸೇರದವನು. ಸತ್ಯ ಯಾರಿಂದ ಬಂದರೂ ಸ್ವೀಕರಿಸಲು ನಾಚಬೇಕಿಲ್ಲ ಎಂಬುದು ಅಲ್ ಕಿಂದಿಯವರ ನಿಲುವಾಗಿತ್ತು. ಅರಿಸ್ಟಾಟಲನನ್ನು ‘ಮೊದಲ ಗುರು’ ಎಂದು ಕರೆದರು. ‘ಎರಡನೇ ಗುರು’ ಎಂಬ ಬಿರುದು ಅಲ್ ಫಾರಾಬಿಯವರಿಗೆ ಸಂದಿತು.

ವಿದ್ಯಾರ್ಥಿಗಳೇ, ಇಬ್ನ್ ಸೀನಾ ಅವರ ಅನುಭವವನ್ನು ನೀವು ಮರೆಯಬಾರದು. ಅರಿಸ್ಟಾಟಲನ ತತ್ತ್ವಮೀಮಾಂಸೆಯ ಗ್ರಂಥವನ್ನು ಅವರು 40 ಸಲ ಓದಿದರು. ಬಾಯಿಪಾಠವಾಯಿತು, ಅರ್ಥವಾಗಲಿಲ್ಲ. ಒಂದು ದಿನ ಪುಸ್ತಕದ ಪೇಟೆಯಲ್ಲಿ 3 ದಿರ್ಹಮ್‌ಗೆ ಅಲ್ ಫಾರಾಬಿಯವರ ವಿವರಣೆಯ ಪುಸ್ತಕ ಸಿಕ್ಕಿತು. ಓದಿದಾಗ ಎಲ್ಲವೂ ತಿಳಿಯಿತು. ಮರುದಿನ ಬಡವರಿಗೆ ದಾನ ಮಾಡಿದರು. ಬಾಯಿಪಾಠವಾದ ಮಾತ್ರಕ್ಕೆ ಕಲಿತಂತಾಗುವುದಿಲ್ಲ ಎಂದು ಅಂಥ ಮೇಧಾವಿಯೇ ಒಪ್ಪಿಕೊಂಡಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಹಿಡಿದು ಕೂರುವ ನಾವು ಇದನ್ನು ಯೋಚಿಸಬೇಕು.

ನಮ್ಮ ಪೂರ್ವಿಕರು ಅರಿಸ್ಟಾಟಲನನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಆಕಾಶದ ಕುರಿತ ಅವನ ವಾದಗಳ ಮೇಲೆ ಅಲ್ ಬಿರೂನಿ ಪ್ರಶ್ನೆಗಳನ್ನೆತ್ತಿದರು. ಇಮಾಮ್ ಗಝ್ಝಾಲಿ ತತ್ತ್ವಜ್ಞಾನಿಗಳನ್ನು 20 ವಿಷಯಗಳಲ್ಲಿ ಖಂಡಿಸಿದರು. ಆದರೂ ತರ್ಕಶಾಸ್ತ್ರವನ್ನು ಕೈಬಿಡಲಿಲ್ಲ. ಅವರಿಗೆ ಉತ್ತರ ಬರೆದವರು ಕೊರ್ಡೋವಾದ ಖಾಝಿಯಾಗಿದ್ದ ಇಬ್ನ್ ರುಶ್ದ್. ಗ್ರಂಥಕ್ಕೆ ಗ್ರಂಥದಿಂದಲೇ ಉತ್ತರ! ಆದರೆ 1195ರಲ್ಲಿ ಇಬ್ನ್ ರುಶ್ದ್ ಅವರನ್ನು ಗಡೀಪಾರು ಮಾಡಿ, ಅವರ ಪುಸ್ತಕಗಳನ್ನು ಸುಟ್ಟರು. ಅದೇ ಬರಹಗಳನ್ನು ಯುರೋಪಿನವರು ಹೀಬ್ರೂ ಮತ್ತು ಲ್ಯಾಟಿನ್‌ಗೆ ಅನುವಾದಿಸಿಕೊಂಡರು. ಪ್ಯಾರಿಸ್‌ನಲ್ಲಿ 1210ರಲ್ಲಿ ಅರಿಸ್ಟಾಟಲನ ಪ್ರಕೃತಿವಿಜ್ಞಾನದ ಪಾಠವನ್ನು ನಿಷೇಧಿಸಿದ್ದರೂ 1255ರ ಹೊತ್ತಿಗೆ ಆತ ಪಠ್ಯದಲ್ಲೇ ಸೇರಿದ್ದ. ನಾವು ಸುಟ್ಟದ್ದನ್ನು ಅವರು ಓದಿದರು. ಇದು ಕಹಿ ಸತ್ಯ.

ಅರಿಸ್ಟಾಟಲ್ ತಪ್ಪುಗಳನ್ನೂ ಮಾಡಿದ. ಭೂಮಿಯೇ ವಿಶ್ವದ ಕೇಂದ್ರ ಎಂದ. ಭಾರವಾದ ವಸ್ತು ಬೇಗ ಬೀಳುತ್ತದೆ ಎಂದ. ಕೆಲವರು ಹುಟ್ಟಿನಿಂದಲೇ ಗುಲಾಮರು, ಹೆಣ್ಣು ಗಂಡಿಗಿಂತ ಕೀಳು ಎಂದೂ ವಾದಿಸಿದ. ಅವನ ಅತಿ ದೊಡ್ಡ ವ್ಯಾಖ್ಯಾನಕಾರರಾದ ಇಬ್ನ್ ರುಶ್ದ್ ಅವರೇ ಹೆಣ್ಣಿನ ವಿಷಯದಲ್ಲಿ ಬೇರೆ ದಾರಿ ಹಿಡಿದರು. ಪ್ಲೇಟೋನ ‘ರಿಪಬ್ಲಿಕ್’ ಕುರಿತು ಬರೆಯುತ್ತಾ, ಹೆಂಗಸರನ್ನು ಹೆರಿಗೆ, ಆರೈಕೆಗಳಿಗಷ್ಟೇ ಮೀಸಲಿಟ್ಟು ಅವರ ಸಾಮರ್ಥ್ಯವನ್ನು ಬಳಸದಿರುವುದು ನಗರಗಳ ಬಡತನಕ್ಕೆ ಒಂದು ಕಾರಣ ಎಂದರು. ಇದು 12ನೇ ಶತಮಾನದ ಮಾತು. ಮಗಳ ಓದನ್ನು ಹತ್ತನೇ ತರಗತಿಗೆ ನಿಲ್ಲಿಸಲು ಹೊರಡುವ ತಂದೆ ತಾಯಂದಿರು ದಯವಿಟ್ಟು ಇದನ್ನು ಗಮನಿಸಬೇಕು.

ಇಂದಿಗೂ ಅರಿಸ್ಟಾಟಲ್ ನಮ್ಮಿಂದ ದೂರವಿಲ್ಲ. 18ನೇ ಶತಮಾನದಲ್ಲಿ ಲಕ್ನೋದ ಮುಲ್ಲಾ ನಿಝಾಮುದ್ದೀನ್ ರೂಪಿಸಿದ ದರ್ಸೆ ನಿಝಾಮಿಯಲ್ಲಿ ‘ಮಂತಿಕ್’ ಒಂದು ಮುಖ್ಯ ವಿಷಯ. ಆ ತರ್ಕಶಾಸ್ತ್ರದ ಬೇರು ಅರಿಸ್ಟಾಟಲನಲ್ಲಿದೆ. ಮದ್ರಸದ ಹುಡುಗನೂ ಕಾಲೇಜಿನ ಹುಡುಗಿಯೂ ಒಂದೇ ಗುರುವಿನ ಸಾಲಗಾರರು.

ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಮಗು ‘ಯಾಕೆ?’ ಎಂದು ಕೇಳಿದಾಗ ‘ಅಫ್ಲಾತೂನ್’ ಎಂದು ಬಾಯಿ ಮುಚ್ಚಿಸಬೇಡಿ. ಉತ್ತರ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಮಗುವಿನ ಜೊತೆ ಕುಳಿತು ಹುಡುಕಿ.