ನಾಲೆಯಲ್ಲಿ ಬೆಳೆಯುವ ಕಾಣದ ಬೆಳೆ
(ಬೆಂಗೇರಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಖಾದಿಗೂ ರಾಷ್ಟ್ರಧ್ವಜಕ್ಕೂ ಹೆಸರಾದ ಬೆಂಗೇರಿಯಲ್ಲಿ ನಿಂತು ಚರಂಡಿಯ ಮಾತನಾಡುವುದು ಕೆಲವರಿಗೆ ಅನುಚಿತವೆನಿಸೀತು. ಆದರೆ ನದಿಯ ಚಿಂತೆ ಮಾಡುವ ನಾವು ನೀರಿನೊಳಗಿನ ಸೂಕ್ಷ್ಮಜೀವಿಗಳನ್ನು ಮರೆಯುವಂತಿಲ್ಲ.

ಔಷಧಿಗೆ ರೋಗಾಣು ‘ಒಗ್ಗಿಕೊಳ್ಳುತ್ತದೆ’ ಎನ್ನುವುದು ವಾಡಿಕೆ. ನಡೆಯುವುದು ಬೇರೆ. ಅನುಕೂಲ ಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತವೆ. ಆ ಅಸಂಖ್ಯ ಸಂತತಿಯಲ್ಲಿ ಯಾವುದೋ ಒಂದಕ್ಕೆ ಆಂಟಿಬಯಾಟಿಕ್ ತಾಳಿಕೊಳ್ಳುವ ಗುಣ ಆಕಸ್ಮಿಕವಾಗಿ ಬಂದಿರುತ್ತದೆ. ಔಷಧಿಯು ಉಳಿದವನ್ನು ಕೊಂದು, ಇದೊಂದಕ್ಕೆ ಹೊಲ ಹಸನು ಮಾಡಿಕೊಡುತ್ತದೆ. ಆ ಗುಣವನ್ನು ಹೊತ್ತ ‘ಪ್ಲಾಸ್ಮಿಡ್’ ಒಂದು ಜಾತಿಯಿಂದ ಮತ್ತೊಂದಕ್ಕೂ ದಾಟಬಲ್ಲದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಈ ಅಪಾಯವನ್ನು ಎಚ್ಚರಿಸಿದ್ದರು.

ಆಸ್ಪತ್ರೆ, ಮನೆ, ಕೋಳಿಫಾರಂಗಳ ಔಷಧಿಯ ಶೇಷವೂ ರೋಗಾಣುವೂ ಒಂದಾಗುವ ಸ್ಥಳವೇ ಚರಂಡಿ. ದೆಹಲಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೀದಿಬದಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ಪ್ರಬಲ ಔಷಧಿಗಳನ್ನೂ ನಿಷ್ಫಲಗೊಳಿಸುವ ಎನ್‌ಡಿಎಂ-1 ಜೀನ್ ಕಂಡುಬಂದಿತು.

ನಮ್ಮ ಹುಬ್ಬಳ್ಳಿಯ ಕೊಳಚೆ ಬಿಡನಾಳ, ಗಬ್ಬೂರಿನತ್ತ ಹರಿದದ್ದನ್ನೂ, ಅದನ್ನೆತ್ತಿ ರೈತರು ಕಾಯಿಪಲ್ಲೆ ಬೆಳೆದದ್ದನ್ನೂ 2000ರ ದಶಕದ ಆರಂಭದಲ್ಲೇ ಸಂಶೋಧಕರು ದಾಖಲಿಸಿದ್ದಾರೆ. ತಪ್ಪು ರೈತರದಲ್ಲ, ಬೇಸಿಗೆಯಲ್ಲೂ ಬತ್ತದ ನೀರು ಅವರಿಗೆ ಅದೊಂದೇ. ಬರಿಗಾಲಲ್ಲಿ ಆ ನೀರಿಗಿಳಿಯುವವರು ಅವರು. ಅದನ್ನು ಹೊಲಸು ಮಾಡಿದವರು ನಾವು.

ಘಟ್ಟದವರಿಗೆ ಇದರಿಂದೇನು ಎನ್ನಬೇಡಿ. ಬೇಡ್ತಿ ಹುಟ್ಟುವುದು ಹುಬ್ಬಳ್ಳಿ ತಾಲ್ಲೂಕಿನಲ್ಲಿ. ಕಲಘಟಗಿಯ ಬಳಿ ಶಾಲ್ಮಲೆಯನ್ನು ಕೂಡಿಕೊಂಡು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಸಮುದ್ರ ಸೇರುತ್ತದೆ. ಮೇಲಿನವರು ಬಿಟ್ಟದ್ದು ಕೆಳಗಿನವರ ಪಾಲು.

ಕಾನೂನುಗಳಿಲ್ಲವೆಂದಲ್ಲ. ಹಲವು ಆಂಟಿಬಯಾಟಿಕ್‌ಗಳ ಮಾರಾಟಕ್ಕೆ 2014ರಿಂದ ‘ಎಚ್1’ ಅನುಸೂಚಿಯ ಕಟ್ಟುಪಾಡಿದೆ. ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧಿಯನ್ನು ಕೋಳಿ, ದನಗಳಿಗೆ ಕೊಡುವುದನ್ನು 2019ರಲ್ಲಿ ನಿಷೇಧಿಸಲಾಯಿತು. ಆದರೂ 2019ರೊಂದರಲ್ಲೇ ಪ್ರತಿರೋಧಿ ರೋಗಾಣುಗಳ ನೇರ ಕಾರಣದಿಂದ ಜಗತ್ತಿನಲ್ಲಿ ಅಂದಾಜು 12.7 ಲಕ್ಷ ಜನ ಸತ್ತರು.

ಆದ್ದರಿಂದ ನನ್ನ ವಿನಂತಿ ಇಷ್ಟೆ. ವೈದ್ಯರ ಚೀಟಿಯಿಲ್ಲದೆ ಕೆಂಪು ಗೆರೆಯ ಗುಳಿಗೆ ಕೊಳ್ಳದಿರೋಣ. ಹಸುವಿನ ಕೆಚ್ಚಲುಬಾವಿಗೆ ನಾವೇ ಸೂಜಿಮದ್ದು ಚುಚ್ಚದಿರೋಣ. ಪಶುವೈದ್ಯರು ಹೇಳಿದಷ್ಟು ದಿನ ಹಾಲನ್ನು ಮಾರದಿರೋಣ. ಆಸ್ಪತ್ರೆಯ ಹೊಲಸುನೀರು ಅಲ್ಲಿಯೇ ಶುದ್ಧವಾಗಿ ಹೊರಬರಲೆಂದು ಒತ್ತಾಯಿಸೋಣ. ಹೊಸ ಔಷಧಿ ಹುಟ್ಟಲು ದಶಕಗಳು ಬೇಕು. ಇರುವುದನ್ನು ಉಳಿಸಿಕೊಳ್ಳಲು ವಿವೇಕ ಸಾಕು.