ಹಳೇ ಟ್ರ್ಯಾಕ್ಟರ್ ಕೊಳ್ಳುವ ಮುನ್ನ
(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು. ಸಹಕಾರ ತತ್ವದ ಬಗ್ಗೆ ದೊಡ್ಡವರು ಈಗಾಗಲೇ ಚೆನ್ನಾಗಿ ಹೇಳಿದ್ದಾರೆ. ನಾವು ಪೆಟ್ಟು ತಿಂದು ಕಲಿತ ಒಂದು ಸಂಗತಿಯನ್ನು ತಮ್ಮ ಮುಂದೆ ಇಡುತ್ತೇವೆ. ಮುಂದೆ ಬಕೆಟ್ಟು ಕಟ್ಟಿದ ಹಳೇ ಟ್ರ್ಯಾಕ್ಟರನ್ನು ಹೇಗೆ ನೋಡಿ ಕೊಳ್ಳಬೇಕು ಎಂಬುದೇ ಆ ಸಂಗತಿ.

ನಮ್ಮ ಹಿರಿಯರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಆಮೇಲೆ ಟವೆಲ್ ಕೆಳಗೆ ಕೈ ಇಟ್ಟು ವ್ಯಾಪಾರ. ನಾವಾದರೋ ಲಕ್ಷಗಟ್ಟಲೆ ಬಾಳುವ ಟ್ರ್ಯಾಕ್ಟರಿನ ಬಣ್ಣ ನೋಡಿ ಮುಂಗಡ ಕೊಟ್ಟು ಬರುತ್ತೇವೆ.

ನಾವೂ ಹಾಗೇ ಮಾಡಿದೆವು. ತಿಪ್ಪೆಗೊಬ್ಬರ ತುಂಬಲು ಆಳು ಸಿಗುತ್ತಿರಲಿಲ್ಲ. ನಮ್ಮ ಮನೆಯವರ ಎರಡೆಳೆ ಸರವನ್ನು ಇದೇ ಸಂಘದಲ್ಲಿ ಅಡವಿಟ್ಟು, ಬಕೆಟ್ಟು ಇರುವ ಹಳೇ ಗಾಡಿಯೊಂದನ್ನು ತಂದೆವು. ಹೋದಾಗಲೇ ಇಂಜಿನ್ ಬಿಸಿಯಾಗಿತ್ತು, ಬಣ್ಣ ಹೊಸದಾಗಿ ಫಳಫಳ ಅನ್ನುತ್ತಿತ್ತು. ನಮಗೆ ಅದೇ ಸಂತೋಷ! ಮೂರನೇ ತಿಂಗಳಿಗೆ ಗೊಬ್ಬರ ಎತ್ತುವಾಗ ಕ್ಲಚ್ ಹೌಸಿಂಗ್ ಬಿಟ್ಟುಕೊಂಡಿತು. ನಮ್ಮೂರ ಮೆಕ್ಯಾನಿಕ್ಕು ಕೂತು ನೋಡಿ, "ಗೌಡ್ರೇ, ಇದು ಇವತ್ತು ಒಡೆದಿದ್ದಲ್ಲ. ಹಳೇ ಬಿರುಕಿಗೆ ವೆಲ್ಡಿಂಗ್ ಹಾಕಿ ಮೇಲೆ ಬಣ್ಣ ಬಳಿದವ್ರೆ" ಅಂದ. ಆ ಸರ ಬಿಡಿಸಿಕೊಳ್ಳಲು ನಮಗೆ ಎರಡು ವರ್ಷ ಹಿಡಿಯಿತು. ಮನೆಯವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅದು ಒಡೆದದ್ದೇಕೆ? ನಮ್ಮ ಟ್ರ್ಯಾಕ್ಟರುಗಳಿಗೆ ಲಾರಿಯಂತೆ ಬೇರೆ ಚಾಸಿ ಇರುವುದಿಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್ ಒಂದಕ್ಕೊಂದು ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಅದೇ ಅದರ ಬೆನ್ನುಮೂಳೆ. ಲೋಡರಿನ ಕಟ್ಟು ಹಿಂದಿನ ಆಕ್ಸಲ್‌ವರೆಗೂ ಹೋಗಿ ಕೂತಿದ್ದರೆ ಭಾರ ಹಂಚಿಹೋಗುತ್ತದೆ. ಮುಂದೆ ಮಾತ್ರ ಬೋಲ್ಟ್ ಹಾಕಿ ನಿಲ್ಲಿಸಿದ್ದರೆ ಪ್ರತಿ ಜಗ್ಗಾಟವೂ ಆ ಜೋಡಣೆಯ ಮೇಲೇ ಬೀಳುತ್ತದೆ. ಆದ್ದರಿಂದ ಮೊದಲು ಬಗ್ಗಿ, ಚಿಂದಿಯಿಂದ ಗ್ರೀಸು ಒರೆಸಿ, ಅಲ್ಲಿ ಬಿರುಕು, ವೆಲ್ಡಿಂಗು, ಆಯಿಲ್ ಜಿನುಗು ಇದೆಯೇ ನೋಡಿ.

ಎರಡನೆಯದು ಮುಂದಿನ ಆಕ್ಸಲ್. ಬಕೆಟ್ಟಿನ ಭಾರವೆಲ್ಲ ಅದರ ತಲೆಯ ಮೇಲೆ. ಮುಂದಿನ ಚಕ್ರಗಳನ್ನು ಜಾಕ್ ಹಾಕಿ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಚಕ್ರ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಕಿಂಗ್‌ಪಿನ್ ಬುಷ್ಷೋ ಬೇರಿಂಗೋ ಹೋಗಿದೆ ಎಂದರ್ಥ.

ಮೂರನೆಯದು ಇಂಜಿನ್. ಮುಂಚೆ ತಿಳಿಸದೆ ಬೆಳಿಗ್ಗೆ ಹೋಗಿ. ಇಂಜಿನ್ ಮುಟ್ಟಿದರೆ ತಣ್ಣಗಿರಬೇಕು. ರೇಡಿಯೇಟರ್ ಮುಚ್ಚಳ ಆಗಲೇ ತೆಗೆದು ನೋಡಿ, ಬಿಸಿಯಿದ್ದಾಗ ತೆಗೆಯಬಾರದು. ನೀರಿನ ಮೇಲೆ ಎಣ್ಣೆ ತೇಲಿದರೆ, ಅಥವಾ ಆಯಿಲ್ ಅಳೆಯುವ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಆ ಗಾಡಿಗೆ ದೂರದಿಂದ ನಮಸ್ಕಾರ. ಆಮೇಲೆ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್, ನಾಜಲ್ ಅಥವಾ ಪಂಪಿನ ದೋಷವಿರಬಹುದು, ಅದು ರಿಪೇರಿಗೆ ಬಗ್ಗುತ್ತದೆ. ಮೀಟರಿನ ಗಂಟೆಯನ್ನು ನಂಬಬೇಡಿ. ಪೆಡಲ್ ಎಷ್ಟು ಸವೆದಿದೆ, ಟ್ರೇಲರ್ ಕಟ್ಟುವ ತೂತು ಎಷ್ಟು ಉದ್ದವಾಗಿದೆ, ಅದು ಸುಳ್ಳು ಹೇಳುವುದಿಲ್ಲ.

ನಾಲ್ಕನೆಯದು ಲೋಡರ್. ಬಕೆಟ್ಟಿಗೆ ಮಣ್ಣು ತುಂಬಿಸಿ, ಎತ್ತಿಸಿ, ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಅದರ ಕೆಳಗೆ ಯಾರೂ ಹೋಗಕೂಡದು. ಸರಸರ ಇಳಿದರೆ ಸಿಲಿಂಡರಿನ ಸೀಲೋ ವಾಲ್ವೋ ಕೆಟ್ಟಿದೆ. ಸಿಲಿಂಡರ್ ರಾಡಿನ ಮೇಲೆ ಗೀರು, ಹೋಸ್ ಪೈಪಿನಲ್ಲಿ ಸೀಳು, ಪಿನ್ನುಗಳಲ್ಲಿ ಸಡಿಲ ಇವೆಲ್ಲ ಬೆಲೆ ಇಳಿಸಲು ಕಾರಣಗಳು.

ಇನ್ನೊಂದು ಮಾತು, ಪ್ರಾಣದ ವಿಷಯ. ಇಂಥ ಹಳೇ ಗಾಡಿಗಳಲ್ಲಿ ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ. ಬಕೆಟ್ಟು ತುಂಬಿದಾಗ ಹಿಂಭಾರ ಹಗುರಾಗಿ ಬ್ರೇಕು ಹಿಡಿಯುವುದಿಲ್ಲ. ಹಿಂದೆ ತಕ್ಕ ತೂಕ ಕಟ್ಟಿ, ಬಕೆಟ್ಟನ್ನು ನೆಲಕ್ಕೆ ಹತ್ತಿರ ಇಟ್ಟುಕೊಂಡೇ ಓಡಿಸಬೇಕು.

ಬಿಡಿಭಾಗವನ್ನೂ ವಿಚಾರಿಸಿ. ಎಚ್.ಎಂ.ಟಿ.ಯವರು 1971ರಿಂದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಿದರು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಗಾಡಿ ಗಟ್ಟಿಯಿದ್ದರೂ ತಯಾರಿಕೆ ನಿಂತ ಮೇಲೆ ಸಾಮಾನು ಎಲ್ಲಿ ಸಿಗುತ್ತದೆಂದು ಮೊದಲೇ ಕೇಳಿಕೊಳ್ಳಬೇಕು.

ಕೊನೆಯದು ಕಾಗದ ಪತ್ರ. ಆರ್.ಸಿ.ಯಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದು ಆಗಿದೆಯೇ ನೋಡಿ. ಸಾಲ ಇದ್ದರೆ ಬ್ಯಾಂಕಿನ ಎನ್.ಒ.ಸಿ. ಹಾಗೂ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಮಾರುವವರಿಗೂ ಒಂದು ಮಾತು: ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಫಾರಂ 29, 30ಕ್ಕೆ ಸಹಿ ಹಾಕಿದರೆ ಮುಗಿಯಲಿಲ್ಲ, ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಿ.

ಕಳೆದ ವರ್ಷ ನಮ್ಮ ಯುವ ಸದಸ್ಯರೊಬ್ಬರು ಇಂಥದೇ ಗಾಡಿಗೆ ಸಾಲ ಕೇಳಿದರು. ಮೆಕ್ಯಾನಿಕ್ಕನ್ನು ಕರೆದುಕೊಂಡು ನಾವೂ ಜೊತೆಗೆ ಹೋದೆವು. ನಾವು ಟೀ ಕುಡಿದು ಬರುವಷ್ಟರಲ್ಲಿ ಬಕೆಟ್ಟು ನೆಲ ಮುಟ್ಟಿತ್ತು. ಆರ್.ಸಿ. ಮೇಲೆ ಸಾಲವೂ ಇತ್ತು. ಬೇಡ ಅಂದೆವು. "ನಿಮಗೆ ಬೇಕಾದೋರಾಗಿದ್ರೆ ಕೊಡ್ತಿದ್ರಿ ಬಿಡಿ ಅಣ್ಣ" ಅಂದು ಆ ತಮ್ಮ ಎರಡು ತಿಂಗಳು ನಮ್ಮ ಕೂಡ ಮಾತು ಬಿಟ್ಟ. ನಮಗೂ ಬೇಜಾರಾಯಿತು. ಆದರೆ ಸಂಘದಲ್ಲಿರುವ ದುಡ್ಡು ಯಾರದು? ನಮ್ಮ ನಿಮ್ಮ ಠೇವಣಿ, ನಮ್ಮ ನಿಮ್ಮ ಷೇರು. ಕೆಟ್ಟ ಗಾಡಿಗೆ ಕೊಟ್ಟರೆ ಗಾಡಿಯೂ ನಿಲ್ಲುತ್ತದೆ, ಕಂತೂ ನಿಲ್ಲುತ್ತದೆ. ಮುಂಗಾರಿಗೆ ಮುಂಚೆ ಅವರೇ ಇನ್ನೊಂದು ಗಾಡಿ ಹುಡುಕಿ ನಮ್ಮ ಮನೆಗೇ ಬಂದು ಕರೆದರು. ಅದು ಸರಿಯಿತ್ತು, ಸಾಲ ಕೊಟ್ಟೆವು. ಕಂತು ತಪ್ಪಿಲ್ಲ.

ಆದ್ದರಿಂದ ಮಹಾಸಭೆಯಲ್ಲಿ ನಮ್ಮದೊಂದು ಬಿನ್ನಹ. ಹಳೇ ಟ್ರ್ಯಾಕ್ಟರಿನ ಸಾಲದ ಅರ್ಜಿಯ ಜೊತೆಗೆ ಮೆಕ್ಯಾನಿಕ್ಕಿನ ಬರಹ, ಆರ್.ಸಿ. ಪ್ರತಿ ಇರಲೇಬೇಕೆಂದು ಠರಾವು ಮಾಡೋಣ. ನಿರ್ದೇಶಕರು ಕೇಳಿದರೂ ಇದೇ ನಿಯಮ ಇರಲಿ. ನಮ್ಮ ಕಾಲಕ್ಕೆ ಇಂಥ ನಿಯಮ ಇದ್ದಿದ್ದರೆ ಆ ಸರ ಮನೆಯಲ್ಲೇ ಇರುತ್ತಿತ್ತು.

ತಪ್ಪು ಆಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. 

ಜೈ ಕರ್ನಾಟಕ, ಜೈ ಸಹಕಾರ.