ಕರೆಂಟು ಹೋದರೆ ಹೇಳುವವರು ಯಾರು?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹರೂಪ)



ಉಳಿತಾಯ, ಸಾಲ, ಮರುಪಾವತಿ – ಇವು ನಾವು ಪ್ರತಿ ಸಭೆಯಲ್ಲಿಯೂ ಮಾತಾಡುವ ವಿಷಯಗಳು. ಇಂದು ಬೇರೊಂದು ವಿಷಯ ತೆಗೆದುಕೊಂಡಿದ್ದೇವೆ. ಗಾಳಿಮಳೆಗೆ ಕರೆಂಟು ಹೋದಾಗ ನಾವು ಏನು ಮಾಡುತ್ತೇವೆ?

ಸಂಘದ ಸಭೆಗೆಂದು ಹಳ್ಳಿಗಳಿಗೆ ಬಂದಾಗ ನಾವು ಹೆಚ್ಚಾಗಿ ಕೇಳುವ ಮಾತು ಇದು: “ಯಾರಾದ್ರೂ ಫೋನು ಮಾಡಿರ್ತಾರೆ ಬಿಡಿ ಸಿಸ್ಟರ್.” ಇಪ್ಪತ್ತು ಮನೆಯವರೂ ಹೀಗೆಯೇ ಅಂದುಕೊಂಡರೆ ಫೋನು ಮಾಡಿದವರು ಒಬ್ಬರೂ ಇರುವುದಿಲ್ಲ. ಎರಡು ದಿನ ಕತ್ತಲಲ್ಲಿ ಕುಳಿತ ಮೇಲೆ “ನಮ್ಮನ್ನು ಕೇಳುವವರೇ ಇಲ್ಲ” ಎಂದು ಬೇಸರಪಡುತ್ತೇವೆ. ಕೇಳುವವರು ಇರಬೇಕಾದರೆ ಮೊದಲು ಹೇಳುವವರು ಬೇಕಲ್ಲವೇ?

ಕರೆಂಟು ಮನೆಗೆ ಬರುವ ದಾರಿಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಸಬ್‌ಸ್ಟೇಷನ್‌ನಿಂದ 11 ಕೆ.ವಿ. ಲೈನು ಹೊರಡುತ್ತದೆ. ಅದಕ್ಕೆ ಫೀಡರ್ ಎನ್ನುತ್ತಾರೆ. ಒಂದು ಫೀಡರ್‌ನಲ್ಲಿ ಹಲವು ಊರುಗಳಿರುತ್ತವೆ. ಅಲ್ಲಲ್ಲಿ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಲ್ಲಿಂದ ವೋಲ್ಟೇಜು ಕಡಿಮೆಯಾಗಿ ನಮ್ಮ ಮನೆಗಳಿಗೆ ಬರುತ್ತದೆ. ಫೀಡರ್ ಟ್ರಿಪ್ ಆದರೆ ಸಬ್‌ಸ್ಟೇಷನ್‌ನಲ್ಲಿ ಕೂಡಲೇ ಗೊತ್ತಾಗುತ್ತದೆ. ಆದರೆ ನಮ್ಮ ಟಿ.ಸಿ.ಯ ಫ್ಯೂಸು ಹೋದರೆ, ನಮ್ಮ ಓಣಿಯ ತಂತಿ ತುಂಡಾದರೆ, ಸಾಮಾನ್ಯವಾಗಿ ಅಲ್ಲಿ ಏನೂ ತಿಳಿಯುವುದಿಲ್ಲ. ಅವರ ಲೆಕ್ಕದಲ್ಲಿ ಫೀಡರ್ ಸರಿ ಇದೆ. ಆದುದರಿಂದ ನಾವು ತಿಳಿಸುವ ತನಕ ನಮ್ಮ ಕತ್ತಲೆ ಅವರ ಪುಸ್ತಕಕ್ಕೆ ಬರುವುದೇ ಇಲ್ಲ.

ಇನ್ನೂ ಗಂಭೀರವಾದ ವಿಷಯ ಒಂದಿದೆ. ತಂತಿ ನೆಲಕ್ಕೆ ಬಿದ್ದ ಕೂಡಲೇ ಲೈನು ತಾನಾಗಿ ಆಫ್ ಆಗುತ್ತದೆ ಎಂದು ನಂಬಬೇಡಿ. ಒಣ ಮಣ್ಣು, ಕಲ್ಲು, ಡಾಂಬರಿನ ಮೇಲೆ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟು ಕಡಿಮೆ. ಅಷ್ಟಕ್ಕೆ ಸಬ್‌ಸ್ಟೇಷನ್‌ನ ಬ್ರೇಕರ್ ಬೀಳದೆ ಇರಬಹುದು. ಆದರೆ ಮನುಷ್ಯರ ಜೀವ ತೆಗೆಯಲು ಅಷ್ಟು ಸಾಕು. ಕಿಡಿ ಇಲ್ಲ, ಶಬ್ದ ಇಲ್ಲ, ಹುಲ್ಲಿನ ನಡುವೆ ತಂತಿ ಸುಮ್ಮನೆ ಬಿದ್ದಿರುತ್ತದೆ. ಮನೆಯಲ್ಲಿ ಕರೆಂಟಿಲ್ಲ ಎಂದರೆ ತಂತಿಯಲ್ಲಿಯೂ ಇಲ್ಲ ಎಂದು ಅರ್ಥವಲ್ಲ. ಟ್ರಿಪ್ ಆದ ಲೈನನ್ನು ಮತ್ತೆ ಚಾರ್ಜ್ ಮಾಡಿ ನೋಡುವ ಕ್ರಮವೂ ಇದೆ. ಬೆಳಗಾಗುವ ಮೊದಲೇ ಡೈರಿಗೆ ಹಾಲು ಒಯ್ಯುವವರು, ಹುಲ್ಲಿಗೆ ತೋಟಕ್ಕೆ ಇಳಿಯುವವರು ನಾವು ಹೆಂಗಸರೇ. ಹಾಗಾಗಿ ಇದು ಲೈಟು, ಮಿಕ್ಸಿಯ ಪ್ರಶ್ನೆ ಮಾತ್ರವಲ್ಲ.

ನಮ್ಮ ದಕ್ಷಿಣ ಕನ್ನಡ, ಉಡುಪಿಯ ಕಡೆ ಸಾಮಾನ್ಯ ವರ್ಷದಲ್ಲಿಯೂ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅದಕ್ಕೂ ಮೊದಲು ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಗಾಳಿ. ಲೈನುಗಳು ತೋಟ, ಗುಡ್ಡ, ಕಾಡಿನ ನಡುವೆಯೇ ಹೋಗುತ್ತವೆ. ತೆಂಗಿನ ಮಡಲು, ಅಕೇಶಿಯಾ ಕೊಂಬೆ ಬಿದ್ದರೆ ಸಾಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದದ್ದು ನೆನಪಿದೆಯಲ್ಲ? ಅದು ನೆಲ ಮುಟ್ಟಿದ್ದು ದೂರದ ಗುಜರಾತಿನಲ್ಲಿ. ಆದರೂ ನಮ್ಮ ಕರಾವಳಿಯ ಬದಿಯಲ್ಲಿ ಹಾದುಹೋಗುವಾಗಲೇ ಮರ, ಕಂಬಗಳನ್ನು ಉರುಳಿಸಿತು.

ಹವಾಮಾನ ಇಲಾಖೆಯ ಎಚ್ಚರಿಕೆಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ತೆಗೆದುಕೊಳ್ಳಿ. ಕಿತ್ತಳೆ ಎಂದು ಕೇಳಿದ ದಿನವೇ ಮೊಬೈಲು, ಟಾರ್ಚು ಚಾರ್ಜ್ ಮಾಡಿ, ಕುಡಿಯುವ ನೀರು ತುಂಬಿಸಿಡಿ. ಕರೆಂಟು ಹೋದರೆ ಪಂಚಾಯತಿನ ನೀರಿನ ಪಂಪೂ ನಿಲ್ಲುತ್ತದೆ. ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟವರು, ಆಕ್ಸಿಜನ್ ಮೆಷಿನ್ ಇರುವವರು ಯಾವ ಮನೆಯಲ್ಲಿದ್ದಾರೆ ಎಂದು ಸಂಘಕ್ಕೆ ಗೊತ್ತಿರಲಿ.

ಈಗ ದೂರು ಹೇಳುವ ಕ್ರಮ. ವಿದ್ಯುತ್ ದೂರಿನ ನಂಬರ್ 1912. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಈ ನಾಲ್ಕು ಜಿಲ್ಲೆಗಳು ಮೆಸ್ಕಾಂಗೆ ಸೇರಿವೆ. ಫೋನು ಮಾಡುವಾಗ “ನಮ್ಮಲ್ಲಿ ಕರೆಂಟಿಲ್ಲ” ಎಂದಷ್ಟೇ ಹೇಳಿದರೆ ಸಾಲದು. ಹೀಗೆ ಹೇಳಿ:

1. ಊರು, ಗ್ರಾಮ ಪಂಚಾಯತು, ಗುರುತು. (ಶಾಲೆಯ ಹತ್ತಿರ, ಡೈರಿಯ ಎದುರು, ಇತ್ಯಾದಿ)
2. ಬಿಲ್ಲಿನಲ್ಲಿರುವ ಆರ್.ಆರ್. ನಂಬರ್. ಗೊತ್ತಿದ್ದರೆ ಟಿ.ಸಿ. ನಂಬರ್, ಕಂಬದ ನಂಬರ್.
3. ಎಷ್ಟು ಗಂಟೆಗೆ ಹೋಯಿತು? ಗಾಳಿಯೋ, ಸಿಡಿಲೋ, ಮರ ಬಿದ್ದದ್ದೋ?
4. ನಿಮ್ಮ ಮನೆಗೆ ಮಾತ್ರವೋ, ಪೂರ್ತಿ ಓಣಿಗೋ? ಒಂದು ಫೇಸ್ ಇದೆಯೋ?
5. ತಂತಿ ಬಿದ್ದಿದ್ದರೆ ಅದನ್ನೇ ಎಲ್ಲಕ್ಕಿಂತ ಮೊದಲು ಹೇಳಿ.

ಕೊನೆಗೆ ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ದೊಡ್ಡ ಗಾಳಿಯ ದಿನ ಲೈನು ಸಿಗುವುದು ಕಷ್ಟ. ಆಗ ಶಾಖಾ ಕಚೇರಿಗೆ ಫೋನು ಮಾಡಿ, 1912ಕ್ಕೂ ಮತ್ತೆ ಪ್ರಯತ್ನಿಸಿ. ಅಂಥ ಸಮಯದಲ್ಲಿ ಮೊದಲು ದೊಡ್ಡ ಲೈನು, ನಂತರ ಟಿ.ಸಿ., ಕೊನೆಗೆ ಮನೆಯ ತಂತಿ ಸರಿಯಾಗುತ್ತದೆ. ಪಕ್ಕದ ಊರಿಗೆ ಬಂದು ನಿಮಗೆ ಬಾರದಿದ್ದರೆ ಇನ್ನೊಮ್ಮೆ ಫೋನು ಮಾಡಿ. ಫೀಡರ್ ಸರಿಯಾದ ಮೇಲೆ ನಿಮ್ಮ ಓಣಿ ಉಳಿದುಹೋದದ್ದು ಅವರಿಗೆ ಗೊತ್ತಾಗಬೇಕಾದರೆ ನೀವೇ ಹೇಳಬೇಕು.

ತಂತಿ ಬಿದ್ದಲ್ಲಿ ಕನಿಷ್ಠ 10 ಮೀಟರ್ ದೂರ ನಿಲ್ಲಿ. ದಾರಿಯ ಎರಡೂ ಬದಿಯಲ್ಲಿ ಒಬ್ಬೊಬ್ಬರು ನಿಂತು ಮಕ್ಕಳನ್ನೂ ದನಗಳನ್ನೂ ತಡೆಯಿರಿ. ತಿಳಿಯದೆ ಹತ್ತಿರ ಹೋಗಿದ್ದರೆ ದೊಡ್ಡ ಹೆಜ್ಜೆ ಹಾಕದೆ, ಪಾದಗಳನ್ನು ಒಂದಕ್ಕೊಂದು ತಾಗಿಸಿಕೊಂಡು, ನೆಲದಿಂದ ಎತ್ತದೆ ಎಳೆಯುತ್ತಾ ಹಿಂದೆ ಬನ್ನಿ. ಮಡಲು ಎಳೆಯಲು ದೋಟಿ ಹಾಕಬೇಡಿ. ಅಲ್ಯೂಮಿನಿಯಂ ದೋಟಿ ತಂತಿಯಷ್ಟೇ ಅಪಾಯ. ಯಾರಿಗಾದರೂ ಲೈನಿನಿಂದ ಶಾಕ್ ತಗುಲಿದರೆ ಲೈನು ಆಫ್ ಆಗುವ ತನಕ ಮುಟ್ಟಬೇಡಿ. 1912ಕ್ಕೂ 112ಕ್ಕೂ ಕೂಡಲೇ ಹೇಳಿ. ಮನೆಯಲ್ಲಿ ಜನರೇಟರ್ ಇದ್ದವರು ಚೇಂಜ್ ಓವರ್ ಸ್ವಿಚ್ ಇಲ್ಲದೆ ಓಡಿಸಬಾರದು. ಆ ಕರೆಂಟು ತಿರುಗಿ ಲೈನಿಗೆ ಹೋಗಿ ಕಂಬದ ಮೇಲಿರುವ ಪವರ್‌ಮ್ಯಾನ್ ಪ್ರಾಣಕ್ಕೆ ಕುತ್ತು ತರಬಹುದು. ಮಳೆಯಲ್ಲಿ ಕಂಬ ಹತ್ತುವವರು ಸಹ ಯಾರದೋ ಮನೆಯ ಮಕ್ಕಳು. ಅವರನ್ನು ಬೈದು ಅವಸರಪಡಿಸಬೇಡಿ.

ಕೆಲವರು ಹೇಳುತ್ತಾರೆ, “ನಮ್ಮದು ಗೃಹಜ್ಯೋತಿ, ಬಿಲ್ಲು ಸೊನ್ನೆ. ದುಡ್ಡು ಕೊಡದೆ ಜೋರು ಮಾಡುವುದು ಹೇಗೆ?” 2023ರಲ್ಲಿ ಈ ಯೋಜನೆ ಬಂದ ಮೇಲೆ ಈ ಸಂಕೋಚ ಹೆಚ್ಚಾಗಿದೆ. ಆದರೆ ನಿಮ್ಮ ಬಿಲ್ಲನ್ನು ಸರಕಾರ ಭರಿಸುತ್ತದೆ. ನೀವು ಗ್ರಾಹಕರೇ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಸೇವೆಗೆ ಗುಣಮಟ್ಟ ನಿಗದಿಯಾಗಬೇಕು. ಅದನ್ನು ಪಾಲಿಸದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡುವ ಅವಕಾಶವಿದೆ. ಸರಿಯಾಗದಿದ್ದರೆ ಶಾಖಾ ಕಚೇರಿ, ಉಪವಿಭಾಗ, ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್ – ಹೀಗೆ ಮೆಟ್ಟಿಲುಗಳಿವೆ. ಆದರೆ ಯಾವ ಮೆಟ್ಟಿಲಲ್ಲಿಯೂ ಮೊದಲು ಕೇಳುವುದು, “ಎಂದು ದೂರು ಕೊಟ್ಟಿರಿ? ದೂರಿನ ನಂಬರ್ ಏನು?” ಬರವಣಿಗೆ ಇಲ್ಲದಿದ್ದರೆ ನಮ್ಮ ಕಷ್ಟಕ್ಕೆ ಸಾಕ್ಷಿ ಇಲ್ಲ.

ಬರೆದಿಡುವುದು ನಿಮಗೆ ಹೊಸತಲ್ಲ. ವಾರದ ಉಳಿತಾಯದ ಲೆಕ್ಕ ತಪ್ಪದೆ ಇಡುವವರು ನೀವು. ಅದೇ ಪುಸ್ತಕದ ಕೊನೆಯ ಪುಟದಲ್ಲಿ ಐದು ಗೆರೆ ಎಳೆಯಿರಿ: ದಿನಾಂಕ, ಕರೆಂಟು ಹೋದ ಸಮಯ, ಕಾರಣ, ದೂರಿನ ನಂಬರ್, ಬಂದ ಸಮಯ. ಪ್ರತಿ ಟಿ.ಸಿ.ಗೆ ಇಬ್ಬರನ್ನು ಆರಿಸಿ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು ಫೋನು ಮಾಡಲಿ. ಕರೆಂಟು ಹೋಗುವ ತನಕ ಕಾಯುವುದೂ ಬೇಡ. ವಾಲಿದ ಕಂಬ, ಜೋತುಬಿದ್ದ ತಂತಿ, ಲೈನಿಗೆ ತಾಗುವ ಕೊಂಬೆ ಎಲ್ಲಿವೆ ಎಂದು ಈ ವಾರವೇ ಒಂದು ಸುತ್ತು ಹೋಗಿ ನೋಡಿ, ಸಂಘದ ಹೆಸರಿನಲ್ಲಿ ಶಾಖಾ ಕಚೇರಿಗೆ ಅರ್ಜಿ ಬರೆಯಿರಿ. ಒಂದು ಪ್ರತಿಗೆ ಸೀಲು ಹಾಕಿಸಿ ತನ್ನಿ.

ಮುಂದಿನ ಸಭೆಗೆ ಬರುವಾಗ ಆ ಪುಟವನ್ನೂ ಅರ್ಜಿಯ ಪ್ರತಿಯನ್ನೂ ಜೊತೆಗೆ ತನ್ನಿ. ಒಟ್ಟಿಗೆ ಕುಳಿತು ನೋಡೋಣ.